ಸಿಂಹ ಆಮ್ಯಾಲ ನೋಡೂಣು, ಮೊದ್ಲ ಒಲಿ ನೋಡ್ರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜಿನ್ಯಾಗ ಬಾಳಷ್ಟು ಒಂದ ವಿಷಯದ ಮ್ಯಾಲ ಅದಾವ. ಕಂಪ್ಯೂಟರು, ಮೊಬೈಲು ಇಟ್ಕೊಂಡು ಮಕ್ಕಳಿಗೆ ಆಫ್ರಿಕಾ ಖಂಡದ ಬದುಕು, ಸಂಸ್ಕೃತಿ ಹೆಂಗ ತಿಳಿಸೂದು ಅಂತ. ಹಿಂದಿನ ಸಂಚಿಕ್ಯಾಗ ಗ್ಲೋಬ್ ಆಪ್ ಬಗ್ಗೆ ನಾಕ್ ಸಾಲು ಬರದಿದ್ವಿ, ಅದನ್ನ ಹಿಡ್ಕೊಂಡ ಇವೆಲ್ಲಾ ಬಂದಾವ ಅನಸ್ತೈತಿ. ಉಳಿದ ಪ್ರಶ್ನೆ ಮುಂದಿನ ಸಲ ತೊಗೊಳ್ಳೋಣು.

ಪ್ರಶ್ನೆ: ನಾನು ರೋಣ ತಾಲ್ಲೂಕಿನ ಒಂದ್ ಸರ್ಕಾರಿ ಸಾಲಿ ಟೀಚರ್. ಸಾಲ್ಯಾಗ ನಾಕೈದು ಹಳೇ ಕಂಪ್ಯೂಟರ್ ಅದಾವ, ನೆಟ್ ಬಂದ್ರ ಬಂತು ಇಲ್ಲಂದ್ರ ಇಲ್ಲ. ಆಫ್ರಿಕಾ ಅಂದ್ ಕೂಡ್ಲೆ ಹುಡುಗ್ರು "ಸಿಂಹ, ಕಾಡು, ಬಡತನ" ಅಂತ ಮೂರ ಮಾತು ಹೇಳಿ ಸುಮ್ನಾಗ್ತಾರ. ಒಂದ್ ಕ್ವಿಜ್ ಆಪ್ ಹಾಕಿ ಕೊಟ್ಟೆ, ಈಗ ದೇಶದ ಹೆಸ್ರು ರಾಜಧಾನಿ ಫಟಾಫಟ್ ಹೇಳ್ತಾರ, ಆದ್ರ ಅಲ್ಲಿ ಮಂದಿ ಏನ್ ಉಣ್ತಾರ, ಎಂಥಾ ಮನ್ಯಾಗ ಇರ್ತಾರ ಅಂದ್ರ ಒಬ್ರಿಗೂ ಗೊತ್ತಿಲ್ಲ. ಯಾವ ಸಾಫ್ಟ್‌ವೇರ್ ಚಲೋ ತಿಳಿಸ್ರಿ.

ಉತ್ತರ: ಅಕ್ಕಾರ, ಕ್ವಿಜ್ ಆಪ್ ಬಗ್ಗೆ ನೀವು ಬರ್ದದ್ದು ಖರೇ ಐತಿ. ಸೆಟೆರಾ, ಕೆಜಿಯೋಗ್ರಫಿ ಇಂಥಾವು ನಕಾಶೆ ಬಾಯಿಪಾಠ ಮಾಡ್ಸಾಕ ಚಲೋ ಅದಾವ, ವಿಶ್ವಸಂಸ್ಥೆ ಸದಸ್ಯ ದೇಶನ ಆ ಖಂಡದಾಗ 54 ಅದಾವ, ಅವು ಎಲ್ಲೆಲ್ಲಿ ಅದಾವ ಅಂತ ಗೊತ್ತಾಗೂದು ಬೇಕ ಬೇಕು. ಆದ್ರ ಅಷ್ಟಕ್ಕ ನಿಂತ್ರ ಬಸ್ಸಿನ್ಯಾಗ ಕುಂತು ಊರಿನ ಬೋರ್ಡ್ ಓದ್ಕೋತ ಹೋದಂಗ ಆತು, ಒಂದ್ ಊರಾಗೂ ಇಳಿದಂಗ ಆಗ್ಲಿಲ್ಲ. ದಿನಾ ಹತ್ತು ನಿಮಿಷ ಕ್ವಿಜ್ ಆಡ್ಲಿ, ಉಳಿದ ಟೈಮ್ ಬ್ಯಾರೆ ಕೆಲ್ಸಕ್ಕ ಇಡ್ರಿ.

ನಾ ಮೊದ್ಲ ಹೇಳೂದು ಡಾಲರ್ ಸ್ಟ್ರೀಟ್ ಅಂತ ಒಂದೈತಿ ನೋಡ್ರಿ, ಸ್ವೀಡನ್ನಿನ ಗ್ಯಾಪ್‌ಮೈಂಡರ್ ಸಂಸ್ಥೆದವ್ರು 2016ರಾಗ ತಂದದ್ದು, ಫುಕಟ್. ಜಗತ್ತಿನ ಬ್ಯಾರೆ ಬ್ಯಾರೆ ದೇಶದ ಮನಿಗೋಳಿಗೆ ಹೋಗಿ ಅವ್ರು ಒಂದ ನಮೂನಿ ಸಾಮಾನಿನ ಫೋಟೋ ತಗದಾರ, ಒಲಿ, ಹಾಸಿಗಿ, ಹಲ್ಲು ತಿಕ್ಕೂ ಬ್ರಶ್ಶು, ಮಕ್ಕಳ ಆಟಿಗಿ, ಪಾಯಖಾನಿ, ಮನಿ ಬಾಗ್ಲ, ಹಿಂಗ. ಜೋಡಸೂದು ದೇಶದ ಮ್ಯಾಲಲ್ಲ, ತಿಂಗಳ ಆದಾಯದ ಮ್ಯಾಲ. ಬುರುಂಡಿ, ಮಲಾವಿ, ನೈಜೀರಿಯಾ, ಮತ್ತ ನಮ್ಮ ಭಾರತದ ಮನಿನೂ ಅದ್ರಾಗ ಅದಾವ. ನೆಟ್ ಇದ್ದ ಒಂದ್ ದಿನ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ, ಒಲಿ ಫೋಟೋ ಅಷ್ಟೂ ಪೆನ್‌ಡ್ರೈವಿಗೆ ಇಳಿಸ್ಕೋರಿ. ಯಾರ ಫೋಟೋ ಅಂತ ಹೆಸ್ರು ಹಾಕಿದ್ರ ಸಾಕು, ಬಳಸಾಕ ಅವ್ರ ಅನುಮತಿ ಐತಿ. ಆಮ್ಯಾಲ ಕ್ಲಾಸಿನ್ಯಾಗ ದೇಶದ ಹೆಸ್ರು ಮುಚ್ಚಿ ಒಂದೊಂದ ಫೋಟೋ ತೋರ್ಸಿ "ಇದು ಯಾವ ದೇಶದ ಒಲಿ?" ಅಂತ ಕೇಳ್ರಿ. ಮೂರ ಕಲ್ಲಿಟ್ಟು ಕಟಗಿ ತುರುಕಿದ ಒಲಿ ನೋಡಿ ಆಫ್ರಿಕಾ ಅಂತಾರ, ತಗದ್ ನೋಡಿದ್ರ ನಮ್ಮ ದೇಶದ್ದು ಇರ್ತೈತಿ. ಗ್ಯಾಸ್ ಒಲಿ, ಟೈಲ್ಸ್ ಕಟ್ಟಿ ನೋಡಿ ಅಮೆರಿಕಾ ಅಂತಾರ, ತಗದ್ರ ನೈಜೀರಿಯಾದ್ದು. ಆ ತಪ್ಪು ಉತ್ತರ ಬಂದ ಗಳಿಗಿ ಬಾಳ ಬೆಲಿ ಇದ್ದದ್ದು ಅಕ್ಕಾರ, ಅಲ್ಲೆ ನಿಂದ್ರಿಸಿ ಮಾತಾಡ್ಸ್ರಿ, ಮುಂದಿನ ಫೋಟೋಕ್ಕ ಓಡಬ್ಯಾಡ್ರಿ. ಒಂದ ದೇಶದಾಗ ಉಳ್ಳವ್ರೂ ಇರ್ತಾರ ಇಲ್ಲದವ್ರೂ ಇರ್ತಾರ, ಬಡವ್ರ ಅಡಗಿಮನಿ ಯಾವ ಖಂಡಕ್ಕ ಹೋದ್ರೂ ಒಂದಕ್ಕೊಂದ ಹೊಂದ್ತಾವ ಅನ್ನೂದು ಮಕ್ಕಳಿಗೆ ಕಣ್ಣಿಗೇ ಕಾಣ್ತೈತಿ, ನೀವು ಬಾಯಿಲೆ ಹೇಳಬೇಕಾಗಿಲ್ಲ.

ಒಲಿ ಆದಮ್ಯಾಲ ಒಲಿ ಮ್ಯಾಲಿಂದು. ನಿಮ್ಮ ಮಕ್ಕಳು ಡಬ್ಬಿಗೆ ಕಟ್ಕೊಂಡ ಬರೂ ರೊಟ್ಟಿ ಜೋಳ ಮೂಲತಃ ಆಫ್ರಿಕಾದ್ದು. ಸುಮಾರು 5,000 ವರ್ಷದ ಹಿಂದ, ಈಗಿನ ಸುಡಾನ್ ದೇಶದ ಪೂರ್ವ ಭಾಗದಾಗ ಮಂದಿ ಅದನ್ನ ಹೊಲದಾಗ ಬೆಳಿಯಾಕ ಶುರು ಮಾಡಿದ್ರು, ಅಲ್ಲಿಂದ ಸಾವಿರ ವರ್ಷದ ಆಸುಪಾಸಿನ್ಯಾಗ ನಮ್ಮ ಕಡೆ ಬಂದು ಇಲ್ಲಿ ಎರಿಭೂಮಿಗೆ ಹೊಂದ್ಕೊಂಡಿತು. ಸಜ್ಜಿನೂ ಆ ಖಂಡದ್ದ, ರಾಗಿನೂ, ಅಲಸಂದಿನೂ. ನಾವು ದಿನಾ ಉಣ್ಣೂ ಗಂಗಾಳದಾಗ ಅರ್ಧಕ್ಕರ್ಧ ಆಫ್ರಿಕಾದ ರೈತ್ರು ಹಸನ ಮಾಡಿ ಕೊಟ್ಟ ಬೀಜ ಅದಾವ ಅಂದ್ರ, ಆ ಖಂಡ "ದೂರದ್ದು" ಅಂತ ಮಕ್ಕಳಿಗೆ ಹೆಂಗ ಹೇಳೂದು? ಸುಡಾನಿನ್ಯಾಗ ಜೋಳದ ಹಿಟ್ಟು ಹುಳಿ ಬರಸಿ, ತೆಳ್ಳಗ ಕಲಸಿ, ಕಾದ ತಗಡಿನ ಹಂಚಿನ ಮ್ಯಾಲ ಸುರುವಿ, ತಾಳಿ ಗರಿ ತುಂಡಿಲೆ ಸರ್ರಂತ ಎಳದು ಕಾಗದದಂಗ ತೆಳ್ಳಗ ಬೇಯಿಸ್ತಾರ, ಕಿಸ್ರಾ ಅಂತಾರ ಅದಕ್ಕ, ಪಲ್ಯದಂಥಾ ಗಟ್ಟಿ ಸಾರಿನ ಜೋಡಿ ತಿಂತಾರ. ಅದ್ರ ವಿಡಿಯೋ ಒಂದ್ ಇಳಿಸ್ಕೊಂಡು ತೋರಿಸ್ರಿ, ಆಮ್ಯಾಲ ಒಬ್ಬ ತಾಯಿನ ಸಾಲಿಗೆ ಕರದು ರೊಟ್ಟಿ ಬಡಸ್ರಿ, ಮಕ್ಕಳಿಗೆ ಎರಡೂ ನೋಡಿ ಬರೀಲಿಕ್ಕೆ ಹಚ್ಚ್ರಿ. ಒಂದ ಕಾಳು, ಎರಡ ಕೈಚಳಕ. ಮಾಲಿ, ಬುರ್ಕಿನಾ ಫಾಸೊ ಕಡೆ ಅದ ಜೋಳ ಇಲ್ಲಾ ಸಜ್ಜಿ ಹಿಟ್ಟಿಲೆ ಮುದ್ದಿ ತಿರುವ್ತಾರ, ಅದಕ್ಕ ತೋ ಅಂತಾರ, ನಮ್ಮ ಸಂಗಟಿ ನೆನಪಾಗ್ತೈತಿ.

ನೆಟ್ ಇಲ್ಲದಾಗ ಓದಾಕ ಕಿವಿಕ್ಸ್ ಹಾಕ್ರಿ. ಅದು ಇಡೀ ವಿಕಿಪೀಡಿಯಾನ ಒಂದ್ ಫೈಲ್ ಮಾಡಿ ಕಂಪ್ಯೂಟರಿನ್ಯಾಗ ಇಡ್ತೈತಿ, ಒಮ್ಮೆ ಇಳಿಸಿದ್ರ ಆಮ್ಯಾಲ ನೆಟ್ ಹಂಗ ಇಲ್ಲ, ವಿಂಡೋಸಿನ್ಯಾಗೂ ಲಿನಕ್ಸಿನ್ಯಾಗೂ ನಡೀತೈತಿ. ಇಂಗ್ಲಿಷಿಂದು ಚಿತ್ರ ಸಮೇತ ನೂರ ಜಿಬಿ ಹತ್ತಿರ ಹೋಗ್ತೈತಿ, ನಿಮ್ಮ ಮಷೀನಿಗೆ ಅದು ಬ್ಯಾಡ. ಕನ್ನಡದ್ದು ಬಾಳ ಸಣ್ಣ ಫೈಲು, ಜೋಡಿಗೆ ಸರಳ ಇಂಗ್ಲಿಷಿನ ವಿಕಿಪೀಡಿಯಾ ಹಾಕ್ಕೊಂಡ್ರ ಸಾಕು. ಕನ್ನಡದಾಗ ಆಫ್ರಿಕಾ ದೇಶಗಳ ಬಗ್ಗೆ ಲೇಖನ ಸಣ್ಣಸಣ್ಣವು ಅದಾವ, ಇದು ನನಗ ಮನಸ್ಸಿಗೆ ಹತ್ತಿದ ಮಾತು, ದೊಡ್ಡ ಮಕ್ಕಳ ಕಡಿಂದ ನೀವು ಬರಸ್ಬಹುದು, ಅವ್ರು ಕಲ್ತದ್ದು ಮುಂದಿನ ಸಾಲಿ ಹುಡುಗ್ರಿಗೆ ಸಿಗ್ತೈತಿ.

ಇನ್ನೊಂದು, ಇಡೀ ಖಂಡ ಒಂದ ಸಲ ಹಿಡೀಬ್ಯಾಡ್ರಿ. ಒಂದ್ ಗುಂಪಿಗೆ ಒಂದ ದೇಶ, ಒಂದ್ ತಿಂಗಳು. ಇಥಿಯೋಪಿಯಾ ತೊಗೊಂಡವ್ರಿಗೆ ಅಲ್ಲಿನ ಲಿಪಿ ತೋರಿಸ್ರಿ, ಒಂದೊಂದ ವ್ಯಂಜನಕ್ಕ ಏಳ ರೂಪ, ನಮ್ಮ ಕಾಗುಣಿತದಂಗ ಸ್ವರ ಕೂಡಿದಂಗ ಅಕ್ಷರದ ಮೈ ಬದಲಾಗ್ತೈತಿ. ಅವ್ರ ವರ್ಷಕ್ಕ 13 ತಿಂಗಳು, ಹನ್ನೆರಡು ತಿಂಗಳಿಗೆ ಮೂವತ್ತ ಮೂವತ್ತ ದಿನ, ಕಡೀ ತಿಂಗಳಿಗೆ ಐದ ಇಲ್ಲಾ ಆರ ದಿನ, ಹೊಸ ವರ್ಷ ಬರೂದು ಸೆಪ್ಟೆಂಬರ್ 11ರ ಸುಮಾರಿಗೆ, ಮಳಿಗಾಲ ಮುಗದು ಹಳದಿ ಹೂವು ಅರಳಿದಾಗ. ಕೀನ್ಯಾ ತೊಗೊಂಡವ್ರಿಗೆ ಎಂ-ಪೆಸಾ ಬಗ್ಗೆ ಹುಡುಕಾಕ ಹೇಳ್ರಿ. ನಮ್ಮಲ್ಲಿ ಯುಪಿಐ ಬಂದದ್ದು 2016ಕ್ಕ, ಅಲ್ಲಿ ಸಾದಾ ಬಟನ್ ಫೋನಿನ್ಯಾಗ ಹಳ್ಳಿ ಮುದುಕಿಗೆ ರೊಕ್ಕ ಕಳಸೂ ವ್ಯವಸ್ಥೆ 2007ಕ್ಕ ಶುರು ಆಗಿತ್ತು. ಮಾಲಿ ತೊಗೊಂಡವ್ರು ಗೂಗಲ್ ಅರ್ಥಿನ್ಯಾಗ ಜೆನ್ನೆ ಅಂತ ಊರಿಗೆ ಹೋಗ್ಲಿ, ಅಲ್ಲಿ ಮಣ್ಣಿನ ದೊಡ್ಡ ಮಸೀದಿ ಐತಿ, ಈಗಿನ ಕಟ್ಟಡ 1907ರದ್ದು, ಗ್ವಾಡಿ ತುಂಬ ತಾಳಿಮರದ ತೊಲಿ ಹೊರಗ ಚಾಚಿರ್ತಾವ. ಅವು ಬರೇ ಚಂದಕ್ಕಲ್ಲ, ವರ್ಷಕ್ಕೊಮ್ಮೆ ಊರಿಗೂರ ಕೂಡಿ ಮಸೀದಿಗೆ ಹೊಸಾ ಮಣ್ಣು ಬಳೀತಾರ, ಹೆಣ್ಮಕ್ಕಳು ನೀರು ಹೊರ್ತಾರ, ಹುಡುಗ್ರು ಮಣ್ಣು ತುಳದು ತರ್ತಾರ, ಗೌಂಡಿಗೋಳು ಆ ತೊಲಿ ಮ್ಯಾಲ ಕಾಲಿಟ್ಟು ಹತ್ತತಾರ. ಮಾಳಿಗಿ ಮನ್ಯಾಗ ಹುಟ್ಟಿ ಮಳಿಗಾಲದ ಮೊದ್ಲ ಮ್ಯಾಲ್ಮುದ್ದಿ ಹಾಕೂದ ನೋಡಿದ ರೋಣದ ಹುಡುಗ್ರಿಗೆ ಇದನ್ನ ತಿಳಿಯಾಕ ಟೀಚರ್ ಬೇಕಾಗೂದಿಲ್ಲ.

ಹುಡುಕೂ ಮುಂದ "ಆಫ್ರಿಕಾ" ಅಂತ ಒಂದ ಶಬ್ದ ಹಾಕಿದ್ರ ಸಿಂಹನ ಬರ್ತಾವ, ಅದಕ್ಕ "ನೈರೋಬಿ ಬಸ್ ಸ್ಟಾಂಡ್", "ಲಾಗೋಸ್ ಮಾರ್ಕೆಟ್" ಹಿಂಗ ಊರ ಹಿಡದು ಹುಡುಕಾಕ ಕಲಸ್ರಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಒಬ್ಬ ತಂದಿ. ನನ್ನ ಮಗಳು ಒಂದ್ ನಕಾಶೆ ಆಪಿನ್ಯಾಗ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟ ದೊಡ್ಡದ ಕಾಣ್ತೈತಿ, ಗ್ಲೋಬಿನ್ಯಾಗ ಸಣ್ಣದ ಕಾಣ್ತೈತಿ, ಯಾವ್ದು ಖರೆ ಅಂತ ಕೇಳ್ಯಾಳ. ಆಪ್ ತಪ್ಪೈತೇನ್ರಿ?

ಉತ್ತರ: ಗ್ಲೋಬ್ ಖರೆ ಸರ್. ನಿಮ್ಮ ಮಗಳ ಕಣ್ಣು ಬಾಳ ಚುರುಕೈತಿ, ಅಕಿಗೆ ಶಾಭಾಷ್ ಅಂತ ಹೇಳ್ರಿ. ಆ ಆಪಿನ ನಕಾಶೆ ಗೆರಾರ್ಡಸ್ ಮರ್ಕೇಟರ್ ಅನ್ನವ್ರು 1569ರಾಗ ಹಡಗದವ್ರ ಸಲುವಾಗಿ ಮಾಡಿದ ಲೆಕ್ಕದ ಮ್ಯಾಲ ನಿಂತದ್ದು. ದಿಕ್ಕು ತಪ್ಪಬಾರದು ಅಂತ ಅದ್ರಾಗ ಧ್ರುವದ ಕಡೆ ಹೋದಂಗ ಹೋದಂಗ ಭೂಮಿನ ಹಿಗ್ಗಸ್ತಾರ, ನಡಕ ಸಮಭಾಜಕದ ಮ್ಯಾಲಿದ್ದದ್ದು ಹಂಗ ಉಳೀತೈತಿ. ಆಫ್ರಿಕಾ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ 22 ಲಕ್ಷದ ಒಳಗ, ಅಂದ್ರ ಹದಿನಾಕ ಪಟ್ಟು ಫರಕು. ನಮ್ಮ ಭಾರತ ಒಂಬತ್ತು ಹಿಡಿಸ್ತಾವ ಆಫ್ರಿಕಾದಾಗ. ದಿ ಟ್ರೂ ಸೈಜ್ ಅಂತ ಒಂದ್ ಸೈಟ್ ಐತಿ, ಅದ್ರಾಗ ಒಂದ್ ದೇಶನ ಬೆರಳಿಲೆ ಎಳದು ಇನ್ನೊಂದ್ರ ಮ್ಯಾಲ ಇಡಬಹುದು, ಕೂಡಿ ಕುಂತು ಭಾರತನ ಎಳದು ಕಾಂಗೋ ಮ್ಯಾಲ ಇಟ್ಟ ನೋಡ್ರಿ. ಗೂಗಲ್ ಮ್ಯಾಪ್‌ನವ್ರು 2018ರಿಂದ ಕಂಪ್ಯೂಟರಿನ್ಯಾಗ ಪೂರ್ತಿ ದೂರ ಸರಿಸಿದ್ರ ಗುಂಡ ಭೂಮಿನ ತೋರಸ್ತಾರ, ಅದು ಚಲೋ ಕೆಲ್ಸ. ಖಂಡದ ಅಳತಿ ತಲ್ಯಾಗ ಸಣ್ಣದಾಗಿ ಕುಂತ್ರ ಅಲ್ಲಿ ಮಂದಿ, ಭಾಷಾ, ಊಟ ಎಲ್ಲಾನೂ "ಎಲ್ಲಾ ಒಂದ" ಅಂತ ಸಣ್ಣದಾಗಿ ಕುಂದರ್ತಾವ, ಅದಕ್ಕ ಈ ಪ್ರಶ್ನೆನ ನಾ ಬರೇ ಗಣಿತದ್ದು ಅಂತ ತಿಳಿಯಾಂಗಿಲ್ಲ.

ಪ್ರಶ್ನೆ: ಸವಣೂರಿನಿಂದ. ನಮ್ಮ ಊರಿನ ದೊಡ್ಡಹುಣಸಿ ಮಠದ ಮರ ಆಫ್ರಿಕಾದ್ದು ಅಂತಾರ, ಅದನ್ನ ಇಟ್ಕೊಂಡು ಮಕ್ಕಳಿಗೆ ಏನರ ಕಲಸ್ಬಹುದಾ?

ಉತ್ತರ: ಕಲಸ್ಬಹುದು ಅಲ್ರಿ, ಇದನ್ನ ಬಿಟ್ಟು ಬ್ಯಾರೆ ಕಡೆ ಶುರು ಮಾಡೂದ ಬ್ಯಾಡ ನಿಮಗ! ಅದು ಬಾವೊಬಾಬ್, ಹುಣಸಿ ಜಾತಿ ಅಲ್ಲ, ಆಫ್ರಿಕಾ ಮುಖ್ಯ ಭೂಮಿದ ಮರ. ಬೊಡ್ಡಿ ಮೆತ್ತಗಿರ್ತೈತಿ, ಅದ್ರಾಗ ನೀರು ಹಿಡದ ಇಡ್ತೈತಿ. ಬಿಳೇ ದೊಡ್ಡ ಹೂವು ರಾತ್ರಿ ಅರಳ್ತೈತಿ, ಬಾವಲಿ ಬಂದು ಪರಾಗ ಒಯ್ತಾವ. ಮಕ್ಕಳ ಕೈಗೆ ಹಗ್ಗ ಕೊಟ್ಟು ಬೊಡ್ಡಿ ಸುತ್ತಳತಿ ತಗಸ್ರಿ, ಅದ ಹಗ್ಗನ ಸಾಲಿ ಅಂಗಳದಾಗ ಗುಂಡಗ ಹಾಸಿ ಒಳಗ ಎಷ್ಟ ಮಂದಿ ಕುಂದರ್ತಾರ ನೋಡ್ಲಿ. ಆಮ್ಯಾಲ ಕಿವಿಕ್ಸಿನ್ಯಾಗ ಸೆನೆಗಲ್ ತಗೀರಿ, ಆ ದೇಶದ ರಾಷ್ಟ್ರ ಮರ ಇದು. ಅಲ್ಲಿ ಕಾಯಿ ಒಳಗಿನ ಹುಳಿ ತಿರುಳು ಕಲಸಿ ಶರಬತ್ತು ಮಾಡ್ತಾರ, ಮಾಲಿ, ಬುರ್ಕಿನಾ ಕಡೆ ಎಲಿ ಒಣಗಿಸಿ ಪುಡಿ ಮಾಡಿ ಸಾರಿಗೆ ಹಾಕ್ತಾರ, ಮ್ಯಾಲ ಹೇಳಿದ್ನಲ್ಲ ಜೋಳದ ತೋ, ಅದ್ರ ಜೋಡಿಗೆ. ಒಂದ್ ಎಚ್ಚರ: ನೆಟ್ಟಿನ್ಯಾಗ ಸಾಲಾಗಿ ನಿಂತ ಎತ್ತರದ ಬಾವೊಬಾಬ್ ಮರದ ಫೋಟೋ ಸಿಗ್ತಾವ, ಅವು ಮಡಗಾಸ್ಕರಿನ ಮೊರೊಂಡಾವಾ ಹತ್ತಿರದ್ದು, ಬ್ಯಾರೆ ಜಾತಿ. ಫೋಟೋದಾಗಿನ ಮರ ಮತ್ತ ನಿಮ್ಮೂರಿನ ಮರ ಎಲ್ಲಿ ಹೊಂದ್ತಾವ ಎಲ್ಲಿ ಹೊಂದೂದಿಲ್ಲ ಅಂತ ಮಕ್ಕಳ ಕಡಿಂದ ಹೇಳಸ್ರಿ. ಸವಣೂರ ಮಕ್ಕಳಿಗೆ ಇರೂ ಈ ಅನುಕೂಲ ಹುಬ್ಬಳ್ಳಿ ದೊಡ್ಡ ಸಾಲಿ ಮಕ್ಕಳಿಗೂ ಇಲ್ಲ.

ಪ್ರಶ್ನೆ: ಹಂಗಾರ ನಮ್ಮ ಬ್ಯಾಡಗಿ ಮೆಣಸಿನಕಾಯಿನೂ ಆಫ್ರಿಕಾದಿಂದ ಬಂದದ್ದಾ? (ಬ್ಯಾಡಗಿ, 9ನೇ ಕ್ಲಾಸ್ ವಿದ್ಯಾರ್ಥಿ)

ಉತ್ತರ: ಇಲ್ಲಪ್ಪಾ ತಮ್ಮಾ, ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕಾ ಖಂಡದಾಗ. ಪೋರ್ಚುಗೀಸರ ಹಡಗಿನ್ಯಾಗ ಆಫ್ರಿಕಾಕ್ಕೂ ಹೋತು, ಗೋವಾ ಕಡಿಂದ ನಮ್ಮಲ್ಲಿಗೂ ಬಂತು. ಮೊಜಾಂಬಿಕ್ ಕಡೆ ಅದು ಪಿರಿಪಿರಿ ಆತು, ನಿಮ್ಮ ಹೊಲದಾಗ ಬ್ಯಾಡಗಿ ಆತು, ಅದಕ್ಕ 2011ರಾಗ ಜಿಐ ಟ್ಯಾಗ್ ಸಿಕ್ತು. ಗೂಗಲ್ ಅರ್ಥಿನ್ಯಾಗ ಗೆರಿ ಎಳೆಯೂ ಟೂಲ್ ಐತಲ್ಲ, ಅದ್ರಿಂದ ಲಿಸ್ಬನ್ನಿಂದ ಆಫ್ರಿಕಾದ ತೆಳಗ ಸುತ್ತು ಹಾಕಿ ಮೊಜಾಂಬಿಕ್, ಅಲ್ಲಿಂದ ಗೋವಾ ತನಕ ಹಡಗಿನ ಹಾದಿ ಎಳದು ನೋಡು, ಎಷ್ಟ ಕಿಲೋಮೀಟರ್ ಆಗ್ತೈತಿ ಅಂತ ನಮಗೂ ಬರದು ಕಳಸು.

ಪ್ರಶ್ನೆ: ಕಲಘಟಗಿ ತಾಲ್ಲೂಕಿನಿಂದ ಒಬ್ರು ಶಿಕ್ಷಕ್ರು. ನಮ್ಮ ಕ್ಲಾಸಿನ್ಯಾಗ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಅದಾರ. ಆಫ್ರಿಕಾ ಪಾಠ ಮಾಡೂ ಮುಂದ ಅವ್ರನ್ನ ಎದ್ದು ನಿಲ್ಲಿಸಿ ಪರಿಚಯ ಮಾಡ್ಸಿದ್ರ ಪಾಠ ಜೀವಂತ ಆಗ್ತೈತಿ ಅಂತ ನಮ್ಮ ಹಿರಿಯ ಶಿಕ್ಷಕ್ರು ಅಂತಾರ. ನನಗ ಯಾಕೋ ಮನಸ್ಸು ಒಪ್ಪವಲ್ದು.

ಉತ್ತರ: ಗುರುಗಳ, ನಿಮ್ಮ ಮನಸ್ಸು ಹೇಳಿದ್ದ ಬರೋಬ್ಬರಿ ಐತಿ, ಬ್ಯಾಡ್ರಿ. ಆ ಮಗು ಆಫ್ರಿಕಾ ನೋಡಿಲ್ಲ, ಕನ್ನಡ, ಕೊಂಕಣಿ ಮಾತಾಡ್ತೈತಿ, ನಿಮ್ಮ ಊರ ಕೆರಿ ನೀರು ಕುಡದು ಬೆಳದೈತಿ. ಎದ್ದು ನಿಲ್ಲಿಸಿ ತೋರ್ಸಿದ್ರ "ನೀ ನಮ್ಮವ ಅಲ್ಲ" ಅಂತ ಕ್ಲಾಸಿಗೆಲ್ಲ ಹೇಳಿದಂಗ ಆಗ್ತೈತಿ, ಆ ಮಾತು ಮಗಿನ ಮನಸ್ಸಿನ್ಯಾಗ ಜನ್ಮ ಪೂರ್ತಿ ಕುಂದರ್ತೈತಿ. ಅರಬ್ ವ್ಯಾಪಾರಿಗೋಳು, ಆಮ್ಯಾಲ ಪೋರ್ಚುಗೀಸರು ಅವ್ರ ಪೂರ್ವಜರನ್ನ ಸಮುದ್ರ ದಾಟಿಸಿ ತಂದದ್ದು ನೂರಾರು ವರ್ಷದ ಹಿಂದಿನ ಮಾತು, ಬಾಳ ಮಂದಿನ ಗುಲಾಮರಾಗಿ ತಂದ್ರು. ಆ ಇತಿಹಾಸ ಕಲಸೂದು ಬೇಕು, ಮುಚ್ಚಿಡೂದಲ್ಲ. ಆದ್ರ ಅದನ್ನ ನಮ್ಮ ಕರ್ನಾಟಕದ ಇತಿಹಾಸದ ಪಾಠದಾಗ ಕಲಸ್ರಿ: ವಿಜಾಪುರದ ಆದಿಲ್‌ಶಾಹಿ ದರಬಾರಿನ್ಯಾಗ ಇಖ್ಲಾಸ್ ಖಾನ್ ಅಂತ ಹಬ್ಶಿ (ಅಂದ್ರ ಆಫ್ರಿಕಾ) ಮೂಲದ ದೊಡ್ಡ ಅಧಿಕಾರಿ ಇದ್ದದ್ದು, ಅಹ್ಮದ್‌ನಗರದ ಕಡೆ ಅದ ಮೂಲದ ಮಲಿಕ್ ಅಂಬರ್ ಮೊಘಲರನ್ನ ವರ್ಷಗಟ್ಟಲೆ ತಡದು ನಿಂತದ್ದು, ಉತ್ತರ ಕನ್ನಡದ ಸಿದ್ದಿಗಳಿಗೆ 2003ರಾಗ, ಧಾರವಾಡ ಬೆಳಗಾವಿ ಜಿಲ್ಲಾದವ್ರಿಗೆ 2020ರಾಗ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು. ಸಮುದಾಯದ ಹಿರ್ಯಾರು ತಾವಾಗೇ ಸಾಲಿಗೆ ಬಂದು ತಮ್ಮ ಹಾಡು, ಡಮಾಮಿ ಕುಣಿತ ತೋರಸ್ತೀವಿ ಅಂದ್ರ ಮಾನ ಮರ್ಯಾದಿಲೆ ಕರೀರಿ, ಮೊದಲ ಕುರ್ಚಿ ಅವ್ರಿಗೆ ಹಾಕ್ರಿ. ಮಗುನ ಮಾತ್ರ ಪಾಠದ ಸಾಮಾನು ಮಾಡಬ್ಯಾಡ್ರಿ. ಇದೊಂದ ವಿಷಯದಾಗ ನಾ ಹಿಂದ ಮುಂದ ನೋಡದ ಹೇಳ್ತೀನಿ.

ಪ್ರಶ್ನೆ: ಧಾರವಾಡದಿಂದ ನಿವೃತ್ತ ಮಾಸ್ತರು. ನನ್ನ ಕಡೆ ಎನ್‌ಕಾರ್ಟಾ ಆಫ್ರಿಕಾನಾ ಅಂತ ಹಳೇ ಸಿಡಿ ಐತಿ. ಈಗ ಇದು ಉಪಯೋಗಕ್ಕ ಬರ್ತೈತೇನು, ಇಲ್ಲಾ ರದ್ದಿಗೆ ಹಾಕ್ಲ್ಯೋ?

ಉತ್ತರ: ಮಾಸ್ತರ, ದಯವಿಟ್ಟು ರದ್ದಿಗೆ ಹಾಕಬ್ಯಾಡ್ರಿ. 1999ರಾಗ ಅದು ಬಂದಾಗ ದೊಡ್ಡ ಸಂಗತಿ ಆಗಿತ್ತು. ಆಫ್ರಿಕಾದ ಮ್ಯಾಲ ಒಂದ್ ಪೂರ್ತಿ ವಿಶ್ವಕೋಶ ಬೇಕು ಅಂತ ಡು ಬೋಯಿಸ್ ಅನ್ನೂ ಅಮೆರಿಕಾದ ಕರಿಯ ವಿದ್ವಾಂಸರು ಜೀವನ ಪೂರ್ತಿ ಕನಸು ಕಂಡವ್ರು, ಅದ ಕೆಲ್ಸಕ್ಕಂತ ಇಳಿವಯಸ್ಸಿನ್ಯಾಗ 1961ಕ್ಕ ಘಾನಾಕ್ಕ ಹೋಗಿ ಅಲ್ಲೇ 1963ರಾಗ ತೀರ್ಕೊಂಡ್ರು. ಅವ್ರ ಕನಸು ಹಿಡ್ಕೊಂಡು ಹೆನ್ರಿ ಲೂಯಿ ಗೇಟ್ಸ್, ಕ್ವಾಮೆ ಆಂಟನಿ ಅಪಿಯಾ ಇಬ್ರು ಸಂಪಾದಕ್ರು ಆಗಿ ಮಾಡಿದ ಸಿಡಿ ಅದು. ಹಳೇ ವಿಂಡೋಸ್ ಇರೂ ಕಂಪ್ಯೂಟರ್ ಯಾರ ಮನ್ಯಾಗರ ಇದ್ರ ಹಾಕಿ ನೋಡ್ರಿ, ನಡದ್ರ ಮೊದ್ಲ ಒಂದ್ ಕಾಪಿ ಹಾರ್ಡ್‌ಡಿಸ್ಕಿಗೆ ತಗದಿಡ್ರಿ, ಸಿಡಿ ಬಾಳಕಿ ನಂಬಾಕ ಬರೂದಿಲ್ಲ. ಹಳೇದಾದ್ದ ಅದ್ರ ಬೆಲಿ ನೋಡ್ರಿ. ದಕ್ಷಿಣ ಸುಡಾನ್ 2011ರಾಗ ಸ್ವತಂತ್ರ ಆತು, ಸ್ವಾಜಿಲ್ಯಾಂಡ್ 2018ರಾಗ ಎಸ್ವಾಟಿನಿ ಆತು, ಇವೆರಡೂ ಆ ಸಿಡಿಯಾಗ ಇರಂಗಿಲ್ಲ. ಮೊಮ್ಮಕ್ಕಳಿಗೆ ಸಿಡಿ ನಕಾಶೆ ಒಂದ್ ಕಡೆ, ಈಗಿನ ನಕಾಶೆ ಒಂದ್ ಕಡೆ ಇಟ್ಟು ಏನೇನ್ ಬದಲಾಗೈತಿ ಹುಡುಕು ಅನ್ರಿ. ನಕಾಶೆನೂ ಮಂದಿ ಬರದದ್ದು, ಬದಲಾಗ್ತೈತಿ ಅಂತ ತಿಳಕೊಳ್ಳಾಕ ಇದಕ್ಕಿಂತ ಚಲೋ ಸಾಧನ ಇಲ್ಲ.

ನಿಮ್ಮಂಥವ್ರಿಗೆ ಇನ್ನೊಂದ ಹೇಳ್ತೀನಿ. ಗೂಗಲ್ ಆರ್ಟ್ಸ್ ಅಂಡ್ ಕಲ್ಚರಿನ್ಯಾಗ 2022ರಿಂದ ಮಾಲಿ ದೇಶದ ಟಿಂಬಕ್ಟು ಹಸ್ತಪ್ರತಿ ನೋಡಾಕ ಸಿಗ್ತಾವ, ಖಗೋಳ, ಗಣಿತ, ಔಷಧ, ಕಾಯದೆ ಎಲ್ಲಾನೂ ಬರದಾರ ಅದ್ರಾಗ. 2012ರಾಗ ಬಂದೂಕು ಹಿಡದವ್ರು ಊರು ವಶ ಮಾಡ್ಕೊಂಡಾಗ ಅಬ್ದೆಲ್ ಕಾದರ್ ಹೈದರಾ ಅನ್ನೂ ಗ್ರಂಥಪಾಲಕ್ರು ಮತ್ತ ಅವ್ರ ಜೋಡಿದಾರ್ರು ತಗಡಿನ ಟ್ರಂಕಿನ್ಯಾಗ ತುಂಬಿ, ರಾತ್ರ್ಯಾಗ, ಬಂಡಿ ದೋಣಿ ಹತ್ತಿಸಿ ಬಮಾಕೋ ಊರಿಗೆ ಸಾಗಿಸಿ ಉಳಿಸಿದ್ರು. ಆ ಹಾಳಿ ಪರದೆ ಮ್ಯಾಲ ದೊಡ್ಡದ ಮಾಡಿ ನೋಡ್ರಿ, ಅಂಚಿನ್ಯಾಗ ಓದಿದವ್ರು ಬರದ ಟಿಪ್ಪಣಿ ಸೈತ ಕಾಣ್ತಾವ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ತಾಡೋಲಿ ಕೂಡಿಸಿ ಕಾಪಾಡಿದ್ದು ಬಲ್ಲವ್ರು ನೀವು, ಆ ಟ್ರಂಕಿನ ಬೆಲಿ ನಿಮಗ ಬ್ಯಾರೆ ಹೇಳಬೇಕಾಗಿಲ್ಲ. ಆಫ್ರಿಕಾಕ್ಕ ಬರದ ಇತಿಹಾಸ ಇಲ್ಲ ಅಂತ ಯಾರರ ಅಂದ್ರ ಇದನ್ನ ತಗದು ಮುಂದಿಡ್ರಿ.

ಪ್ರಶ್ನೆ: ನಾ ಲಕ್ಷ್ಮೇಶ್ವರದಾಗ ಪಿಯುಸಿ ಓದಾಕತ್ತೀನಿ. ಕಂಪ್ಯೂಟರ್ ಇಲ್ಲ, ಒಂದ್ ಮೊಬೈಲ್ ಐತಿ, ಡಾಟಾ ಜಲ್ದಿ ಖಾಲಿ ಆಗ್ತೈತಿ. ನಾ ಹೆಂಗ ಕಲೀಲಿ?

ಉತ್ತರ: ತಂಗಿ, ಕಿವಿಕ್ಸ್ ಆಂಡ್ರಾಯ್ಡ್ ಮೊಬೈಲಿನ್ಯಾಗೂ ಐತವ್ವಾ. ಕಾಲೇಜಿನ್ಯಾಗೋ ಲೈಬ್ರರಿಯಾಗೋ ವೈಫೈ ಸಿಕ್ಕ ದಿನ ಕನ್ನಡ ವಿಕಿಪೀಡಿಯಾ ಫೈಲ್ ಇಳಿಸಿ ಮೆಮೊರಿ ಕಾರ್ಡಿಗೆ ಹಾಕ್ಕೊ, ಗೆಳತ್ಯಾರಿಗೆ ಬ್ಲೂಟೂತಿಲೋ ಕಾರ್ಡ್ ಕೊಟ್ಟೋ ಹಂಚು, ಅದಕ್ಕ ಯಾರ ತಕರಾರೂ ಇಲ್ಲ. ಡಾಟಾ ಉಳದ ದಿನ ರೇಡಿಯೋ ಗಾರ್ಡನ್ ತಗದು ಗ್ಲೋಬ್ ತಿರುವಿ ಬಮಾಕೋ ಇಲ್ಲಾ ಅಡಿಸ್ ಅಬಾಬಾದ ಹಸರ ಚುಕ್ಕಿ ಒತ್ತು, ಅಲ್ಲಿ ಆ ಗಳಿಗ್ಯಾಗ ನಡದ ರೇಡಿಯೋ ಕೇಳ್ತೈತಿ, ವಿಡಿಯೋಕ್ಕಿಂತ ಬಾಳ ಕಡಿಮಿ ಡಾಟಾ ತಿಂತೈತಿ. ಭಾಷಾ ತಿಳಿಯೂದಿಲ್ಲ, ತಿಳೀದಿದ್ರೂ ಕೇಳು. ಬಮಾಕೋದಾಗ ಕೋರಾ ಅಂತ ವಾದ್ಯ ಕಿವಿಗೆ ಬಿದ್ರ ಗುರ್ತು ಹಿಡಿ, ದೊಡ್ಡ ಸೋರೆಬುರುಡಿ ಅರ್ಧ ಕೊಯ್ದು ಚರ್ಮ ಬಿಗದು 21 ತಂತಿ ಹಚ್ಚಿರ್ತಾರ. ಅದನ್ನ ಬಾರಿಸ್ಕೋತ ಮನೆತನದ ಪೀಳಿಗಿ ಪೀಳಿಗಿ ಹೆಸ್ರು, 13ನೇ ಶತಮಾನದಾಗ ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಡಿಯಾಟಾ ಕಥಿ ಎಲ್ಲಾ ಬಾಯಿಲೆ ಹೇಳೂ ಮನೆತನದವ್ರು ಅದಾರ, ಗ್ರಿಯೋ ಅಂತಾರ ಅವ್ರಿಗೆ. ನಿಮ್ಮೂರಿಗೆ ಹೆಳವರು ಬಂದು ನಿಮ್ಮ ಮುತ್ಯಾನ ಮುತ್ಯಾನ ಹೆಸ್ರು ಹೇಳೂದು ಕೇಳಿದ್ರ, ಅವ್ರು ಮುಂದಿನ ಸಲ ಬಂದಾಗ ಅವ್ರ ಒಪ್ಪಿಗಿ ಕೇಳಿ ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೊ, ಎರಡೂ ಜೋಡಸಿ ಒಂದ್ ಪ್ರಾಜೆಕ್ಟ್ ಬರಿ. ಬರದ್ರ ನಮಗ ಕಳಸು, ಪುಟ ಖಾಲಿ ಇಟ್ಟಿರ್ತೀವಿ.